ಬಿಸಿನೆಸ್ ಕೋಚ್ ಇಟ್ಕೊಂಡ್ರೆ ನಿಜವಾಗ್ಲೂ ಗುರಿ ಮುಟ್ಟಕ್ಕಾಗುತ್ತಾ, ಇಲ್ಲ ಬರೀ ಮಾತಾ?

ಅರ್ಧದಾರಿ:

ನಮಸ್ಕಾರ ಎಲ್ರಿಗೂ. ಇಷ್ಟ್ ದಿನ ಬರೀ ಓದ್ಕೊಂಡಿದ್ದೋನು, ಇವತ್ತು ಬರೀತಿದೀನಿ ಯಾಕಂದ್ರೆ ತಲೆ ಚಿಟ್ಟು ಹಿಡಿದುಹೋಗಿದೆ. ಡಿಸೈನ್, ಪ್ರಿಂಟಿಂಗ್ ಎರಡೂ ಮಾಡೋ ಸಣ್ಣ ಬಿಸಿನೆಸ್ ನಂದು, ನನ್ನನ್ನೂ ಸೇರ್ಸಿ ಒಂಬತ್ ಜನ, ಆರು ವರ್ಷ ಆಯ್ತು. ಮೊದಲ ಮೂರು ವರ್ಷ ಚೆನ್ನಾಗೇ ಬೆಳೀತು, ಆಮೇಲೆ ನಿಂತ ನೀರು. ಕೆಲ್ಸ ಇಲ್ಲ ಅಂತಲ್ಲ, ಆರ್ಡರ್ ಬರ್ತಾನೇ ಇದೆ, ಬೆಳಿಗ್ಗೆ ಎಂಟಕ್ಕೆ ಹೋದ್ರೆ ರಾತ್ರಿ ಒಂಬತ್ತಾಗುತ್ತೆ ವಾಪಸ್ ಬರೋದು, ಆದ್ರೆ ವರ್ಷದ ಕೊನೇಲಿ ಲೆಕ್ಕ ನೋಡಿದ್ರೆ ಹೋದ ವರ್ಷ ಎಲ್ಲಿದ್ನೋ ಅಲ್ಲೇ ಇದೀನಿ. ಡೈರಿ ಮೊದಲನೇ ಪುಟದಲ್ಲಿ "ಈ ವರ್ಷ ಬಿಸಿನೆಸ್ ಡಬಲ್" ಅಂತ ಬರ್ಕೊಳ್ಳೋ ಅಭ್ಯಾಸ ನಂಗೆ. ಮೊನ್ನೆ ಹಳೇ ಡೈರಿಗಳನ್ನ ತೆಗ್ದು ನೋಡಿದ್ರೆ ಮೂರು ವರ್ಷದಿಂದ ಅದೇ ಸಾಲು, ಅಕ್ಷರ ಮಾತ್ರ ಕೆಟ್ಕೊಂಡು ಬಂದಿದೆ 😅

ಈಗ ಸ್ನೇಹಿತ ಒಬ್ಬ ಬಿಸಿನೆಸ್ ಕೋಚ್ ಹತ್ರ ಹೋಗು ಹೋಗು ಅಂತ ಹಿಂದೆ ಬಿದ್ದಿದಾನೆ. ನನ್ನ ಡೌಟ್ ಏನಂದ್ರೆ ನಮ್ ಕೆಲ್ಸಾನ ಒಂದಿನಾನೂ ಮಾಡಿ ನೋಡದೇ ಇರೋರು ನಂಗೆ ಏನ್ ಹೇಳ್ಕೊಡ್ತಾರೆ? ಹೋಗಿ ಬಂದೋರು ಯಾರಾದ್ರೂ ಇದ್ರೆ ಒಳಗಡೆ ಏನ್ ನಡೆಯುತ್ತೆ ಅಂತ ಬಿಡಿಸಿ ಹೇಳಿ ಪ್ಲೀಸ್. "ಲೈಫೇ ಚೇಂಜ್ ಆಯ್ತು" ಥರದ್ದು ಬೇಡ, ಅದು ಜಾಹೀರಾತಲ್ಲೇ ಬೇಕಾದಷ್ಟು ಸಿಗುತ್ತೆ.

ಸುಟ್ಟ ಬೆರಳು:

ಹೋಗ್ಬೇಡಿ ಗುರುವೇ. ನಾನು ಹೋಗಿ ಕೈ ಸುಟ್ಕೊಂಡಿದೀನಿ, ಹೆಸರೇ ನೋಡಿ. 90 ದಿನದ ಪ್ರೋಗ್ರಾಂ, ಒಂದು ಹಾಲ್‌ನಲ್ಲಿ ಇನ್ನೂರು ಜನ, ಎದ್ದು ನಿಂತ್ಕೊಂಡು "ನನ್ನಿಂದ ಆಗುತ್ತೆ" ಅಂತ ಕೂಗೋದು, ಪಕ್ಕದೋನ ಕೈ ಹಿಡ್ಕೊಂಡು ಇನ್ನೊಂದ್ಸಲ ಕೂಗೋದು. ಮೂರು ತಿಂಗಳಲ್ಲಿ ನನ್ನ ಬಿಸಿನೆಸ್ ಬಗ್ಗೆ ಒಂದೇ ಒಂದು ಪ್ರಶ್ನೆ ಯಾರೂ ಕೇಳ್ಲಿಲ್ಲ, ಮುಂದಿನ ಲೆವೆಲ್ ಪ್ರೋಗ್ರಾಂಗೆ ಸೇರ್ತೀರಾ ಅನ್ನೋ ಪ್ರಶ್ನೆ ಬಿಟ್ರೆ.

ಅದ್ರಲ್ಲೂ ಆ ಯೇಲ್ ಯೂನಿವರ್ಸಿಟಿ ಕಥೆ ಇದ್ಯಲ್ಲ, 1953ರ ಬ್ಯಾಚಲ್ಲಿ ನೂರಕ್ಕೆ ಮೂರೇ ಜನ ಗುರಿ ಬರೆದಿಟ್ಟಿದ್ರಂತೆ, ಇಪ್ಪತ್ತು ವರ್ಷ ಆದ್ಮೇಲೆ ನೋಡಿದ್ರೆ ಆ ಮೂರು ಜನರ ಆಸ್ತಿ ಉಳಿದ 97 ಜನರ ಆಸ್ತಿಗಿಂತ ಜಾಸ್ತಿ ಇತ್ತಂತೆ. ರೋಮಾಂಚನ ಆಗೋಗಿತ್ತು ಕೇಳಿ. ಮನೆಗೆ ಬಂದು ಹುಡುಕಿದ್ರೆ ಅಂಥಾ ಅಧ್ಯಯನಾನೇ ನಡೆದಿಲ್ಲ ಸ್ವಾಮಿ! ಪೂರ್ತಿ ಕಟ್ಟುಕಥೆ. ಯಾರಾದ್ರೂ ಕೋಚ್ ಬಾಯಿಂದ ಈ ಕಥೆ ಬಂದ್ರೆ ಚಪ್ಪಲಿ ಹಾಕ್ಕೊಂಡು ಹೊರಡಿ.

ಲೆಕ್ಕದವ್ಳು:

ಸುಟ್ಟ ಬೆರಳು ಅವ್ರೇ, ನೀವು ಹೋಗಿದ್ದು ಕೋಚಿಂಗ್ ಅಲ್ಲ, ಜಾತ್ರೆ. ನಂದು ಬೇರೆ ಥರ ಇತ್ತು, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಬೇರೆ ಕಂಪನಿಗಳ ಲೆಕ್ಕಪತ್ರ ನೋಡ್ಕೊಳ್ಳೋ ಸಣ್ಣ ಆಫೀಸು ನಂದು, ಆರು ಜನ. ಮೊದಲನೇ ಸೆಷನ್‌ಗೆ ಇಪ್ಪತ್ತು ಸ್ಲೈಡ್ ಮಾಡ್ಕೊಂಡು ಹೋಗಿದ್ದೆ, ಐದು ವರ್ಷದ ಪ್ಲಾನ್, ಗ್ರಾಫು, ಎಲ್ಲಾ. ಕೋಚ್ ಅದನ್ನ ಓಪನ್ನೇ ಮಾಡಿಸ್ಲಿಲ್ಲ. "ಮುಂದಿನ ವರ್ಷ ಇದೇ ತಿಂಗಳು ಒಂದು ಮಾಮೂಲಿ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ, ನೀವು ಏನ್ ಮಾಡ್ತಾ ಕೂತಿರ್ಬೇಕು ಅಂತ ಆಸೆ?" ಅಂತ ಕೇಳಿದ್ರು ಅಷ್ಟೇ. ನನ್ನ ಬಾಯಲ್ಲಿ ಮಾತೇ ಇಲ್ಲ. ಅವ್ರೂ ಮಾತಾಡ್ಲಿಲ್ಲ, ಸುಮ್ನೆ ಕಾಯ್ತಾ ಕೂತ್ರು, ನಂಗೆ ಫ್ಯಾನ್ ಸದ್ದು ಕೇಳಿಸ್ತಿತ್ತು. ಕೊನೆಗೆ "ಫೈಲ್ ಚೆಕ್ ಮಾಡ್ತಾ ಇರ್ಬಾರ್ದು" ಅಂದೆ. ಏನ್ ಬೇಕು ಅಂತ ಗೊತ್ತಿರ್ಲಿಲ್ಲ, ಏನ್ ಬೇಡ ಅನ್ನೋದು ಬಾಯಿಂದ ಬಿತ್ತು.

ಎರಡು ವಾರ ಅರ್ಧರ್ಧ ಗಂಟೆಗೆ ಏನ್ ಮಾಡ್ದೆ ಅಂತ ಬರೀರಿ ಅಂದ್ರು. ಬೇಜಾರಿನ ಕೆಲ್ಸ, ಒಂದೆರಡು ದಿನ ಮರೆತು ಆಮೇಲೆ ಅಂದಾಜಲ್ಲಿ ತುಂಬಿದೀನಿ, ಸುಳ್ಯಾಕೆ ಹೇಳ್ಲಿ. ಒಟ್ಟು 104 ಗಂಟೆ ಕೆಲಸದಲ್ಲಿ 37 ಗಂಟೆ ನಮ್ ಹುಡುಗ್ರು ಮುಗಿಸಿಟ್ಟ ಫೈಲನ್ನ ಮತ್ತೆ ನೋಡೋದ್ರಲ್ಲೇ ಹೋಗಿತ್ತು. ನೋಡೋದು ಬಿಟ್ರೆ ಏನಾಗುತ್ತೆ ಅಂತ ಕೇಳಿದ್ರು. ತಪ್ಪು ಹೊರಗೆ ಹೋಗುತ್ತೆ ಅಂದೆ. "ಹೋದ ತಿಂಗಳು ಎಷ್ಟು ತಪ್ಪು ಹಿಡಿದ್ರಿ?" ದಿನಾ ಲೆಕ್ಕ ನೋಡೋಳು ನಾನು, ನನ್ನ ಲೆಕ್ಕ ನಂಗೇ ಗೊತ್ತಿಲ್ಲ! ವಾಪಸ್ ಬಂದು ಎಣಿಸಿದೆ, 212 ಫೈಲಲ್ಲಿ 9 ತಪ್ಪು, ಅದ್ರಲ್ಲಿ 7 ಒಂದೇ ಜಾತಿದು, ಬಿಲ್ ನಂಬರ್ ಅಂಕಿ ಹಿಂದುಮುಂದು ಆಗಿರೋದು. ಅದಕ್ಕೊಂದು ಪುಟದ ಚೆಕ್‌ಲಿಸ್ಟ್ ಮಾಡಿ, ಒಬ್ರ ಫೈಲ್ ಇನ್ನೊಬ್ರು ನೋಡೋ ಥರ ಮಾಡಿದ್ವಿ. ಈ ಐಡಿಯಾ ಕೋಚ್ ಕೊಟ್ಟಿದ್ದಲ್ಲ, ನಮ್ಮ ಆಫೀಸಲ್ಲಿ ಎಲ್ರಿಗಿಂತ ಚಿಕ್ಕ ಹುಡುಗಿ ಕೊಟ್ಟಿದ್ದು, ನಾನು ಅಲ್ಲಿವರ್ಗೂ ಅವಳನ್ನ ಕೇಳೇ ಇರ್ಲಿಲ್ಲ.

ಆಮೇಲೆ ಎರಡು ವಾರಕ್ಕೊಂದು ಗುರುವಾರ ನಾಲ್ಕು ಗಂಟೆಗೆ ಕಾಲ್. ಹೋದ್ಸಲ ಮಾಡ್ತೀನಿ ಅಂದಿದ್ದು ಏನಾಯ್ತು ಅನ್ನೋದೇ ಮೊದಲ ಪ್ರಶ್ನೆ, ಬೈಯೋದಿಲ್ಲ, ಆದ್ರೆ ಮರೆಯೋದೂ ಇಲ್ಲ ಆ ಮನುಷ್ಯ. ನಿಜ ಹೇಳ್ಬೇಕಂದ್ರೆ ನನ್ನ ಬಿಸಿನೆಸ್ ಬೆಳೆದಿದ್ದು ಬುಧವಾರ ರಾತ್ರಿಗಳಲ್ಲಿ, ನಾಳೆ ಕೇಳ್ತಾರಲ್ಲಪ್ಪಾ ಅಂತ ಕೂತು ಮುಗಿಸಿದ ಕೆಲ್ಸದಲ್ಲಿ.

ಎಲ್ಲಾ ಆಗ್ಲಿಲ್ಲ ಮತ್ತೆ. ಮೂರು ದೊಡ್ಡ ಕ್ಲೈಂಟ್ ತರ್ಬೇಕು ಅಂತ ಹೊರಟೋಳಿಗೆ ಒಂದೇ ಸಿಕ್ಕಿದ್ದು. ಫೈಲ್ ಚೆಕ್ಕಿಂಗ್ ಮಾತ್ರ ನಿಂತಿದೆ.

ಎರಡು ಕುರ್ಚಿ:

ಮೊದ್ಲೇ ಹೇಳ್ಬಿಡ್ತೀನಿ, ನಾನು ಇದೇ ಕೋಚಿಂಗ್ ಕೆಲ್ಸ ಮಾಡೋನು, ಅದನ್ನ ತಲೇಲಿಟ್ಕೊಂಡೇ ಓದಿ.

ಮೇಡಂ ಹೇಳಿದ ಬುಧವಾರ ರಾತ್ರಿ ಇದ್ಯಲ್ಲ, ಅದು ತಮಾಷೆ ಮಾತಲ್ಲ, ನಮ್ಮ ಕೆಲಸದ ಅರ್ಧ ಸತ್ವ ಅಲ್ಲೇ ಇರೋದು. ಜನ ತಾವು ಹಾಕ್ಕೊಂಡ ಗುರಿ ಎಷ್ಟರಮಟ್ಟಿಗೆ ಆಯ್ತು ಅಂತ ಆಗಾಗ ನೋಡ್ಕೊಂಡ್ರೆ ಏನಾಗುತ್ತೆ ಅನ್ನೋದ್ರ ಮೇಲೆ ನಡೆದಿದ್ದ 138 ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದ ಒಂದು ಲೇಖನ 2016ರಲ್ಲಿ ಸೈಕಲಾಜಿಕಲ್ ಬುಲೆಟಿನ್ ಜರ್ನಲಲ್ಲಿ ಬಂತು. ನೋಡ್ಕೊಂಡೋರಿಗೆ ಗುರಿ ಮುಟ್ಟೋದು ಜಾಸ್ತಿ, ಅದ್ರಲ್ಲೂ ಬರೆದಿಟ್ಟೋರಿಗೆ, ಇನ್ನೊಬ್ರ ಮುಂದೆ ಹೇಳ್ಕೊಂಡೋರಿಗೆ ಇನ್ನೂ ಜಾಸ್ತಿ. ಯೇಲ್ ಕಥೆ ಸುಳ್ಳು, ಆದ್ರೆ ಬರೆಯೋದ್ರಿಂದ ಉಪಯೋಗ ಇಲ್ಲ ಅಂತ ಅಲ್ಲ.

ಅರ್ಧದಾರಿ ಅವ್ರೇ, ನಿಮ್ಮ "ಬಿಸಿನೆಸ್ ಡಬಲ್" ಸಾಲಿನ ಬಗ್ಗೆ. ಸ್ಮಾರ್ಟ್ (SMART) ಗೋಲ್ ಅಂತ ಕೇಳಿರ್ತೀರಲ್ಲ, ಗುರಿ ಹೇಗಿರ್ಬೇಕು ಅಂತ ಐದು ಇಂಗ್ಲಿಷ್ ಅಕ್ಷರದಲ್ಲಿ ಹೇಳೋ ಸೂತ್ರ, 1981ರಲ್ಲಿ ಜಾರ್ಜ್ ಡೋರನ್ ಅನ್ನೋರು ಒಂದು ಮ್ಯಾನೇಜ್‌ಮೆಂಟ್ ಪತ್ರಿಕೆಯಲ್ಲಿ ಬರೆದಿದ್ದು. ಈಗ ಎಲ್ರೂ ಅದ್ರ 'ಎ' ಅಂದ್ರೆ ಅಚೀವಬಲ್, ಸಾಧ್ಯ ಇರೋದು ಅಂತಾರೆ. ಡೋರನ್ ಬರೆದಿದ್ದು ಅಸೈನಬಲ್, ಅಂದ್ರೆ ಇದನ್ನ ಯಾರು ಮಾಡ್ತಾರೆ ಅಂತ. ಒಂಬತ್ತು ಜನರಲ್ಲಿ ಡಬಲ್ ಮಾಡೋರು ಯಾರು? ನಿಮ್ಮ ಡೈರಿ ನಿಮ್ಮ ಹತ್ರಾನೇ ಇದೆ ಅಂದ್ಮೇಲೆ ಉಳಿದ ಎಂಟು ಜನಕ್ಕೆ ಆ ಗುರಿ ಇದೆ ಅಂತಾನೇ ಗೊತ್ತಿರಲ್ಲ, ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗೆ ಒಬ್ಬೊಬ್ರು ಒಂದೊಂದು ಕಡೆ ಎಳೀತಿರ್ತಾರೆ.

ಇನ್ನೊಂದು, "ಆದಾಗ ಮಾಡ್ತೀನಿ" ಅನ್ನೋದನ್ನ "ಇಂಥಾ ಹೊತ್ತಲ್ಲಿ, ಇಂಥಾದ್ದು ಆದ ತಕ್ಷಣ ಹೀಗೆ ಮಾಡ್ತೀನಿ" ಅಂತ ಕಟ್ಟಿಹಾಕೋದು. ಪೀಟರ್ ಗೋಲ್‌ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞ 1990ರ ದಶಕದಿಂದ ಇದ್ರ ಮೇಲೇನೇ ಕೆಲ್ಸ ಮಾಡಿದಾರೆ. ಕೇಳೋಕೆ ಚಿಲ್ಲರೆ ವಿಷಯ. ಆದ್ರೆ ಸೆಷನ್ ಮುಗಿಯೋ ಮುಂಚೆ ನಾನು ಯಾವ ದಿನ, ಎಷ್ಟು ಗಂಟೆಗೆ, ಅಡ್ಡ ಬಂದ್ರೆ ಏನ್ ಮಾಡ್ತೀರಾ ಅಂತ ಪೀಡಿಸೋದು ಇದಕ್ಕೇನೆ.

ನಿಮ್ಮ ಕೆಲ್ಸ ಗೊತ್ತಿಲ್ದೋರು ಏನ್ ಹೇಳ್ತಾರೆ ಅಂದ್ರಲ್ಲ. ಕೋಚ್ ಹೇಳಲ್ಲ, ಕೇಳ್ತಾರೆ. ಹೇಳೋರು ಬೇಕಂದ್ರೆ ಕನ್ಸಲ್ಟೆಂಟ್ ಇದಾರೆ, ನಿಮ್ಮದೇ ದಾರೀಲಿ ಹತ್ತು ವರ್ಷ ಮುಂದೆ ಹೋಗಿರೋರು ಬೇಕಂದ್ರೆ ಮೆಂಟರ್. ಗೂಗಲ್ ಸಿಇಒ ಆಗಿದ್ದಾಗ ಎರಿಕ್ ಶ್ಮಿಟ್‌ಗೆ ಕೋಚ್ ಇಟ್ಕೋ ಅಂತ ಹೇಳಿದ್ರೆ ಅವ್ರಿಗೂ ಸಿಟ್ಟು ಬಂದಿತ್ತು, ನಂಗ್ಯಾಕೆ ಅಂತ. ಕೋಚ್ ಆಗಿ ಬಂದ ಬಿಲ್ ಕ್ಯಾಂಪ್‌ಬೆಲ್ ಹಿಂದೆ ಕಾಲೇಜು ಫುಟ್‌ಬಾಲ್ ಟೀಮಿನ ತರಬೇತುದಾರ. ಆದ್ರೆ ಆಮೇಲೆ ದೊಡ್ಡ ಕಂಪನಿ ನಡೆಸಿದ ಅನುಭವಾನೂ ಇತ್ತು ಅವ್ರಿಗೆ, ಅದನ್ನ ಮುಚ್ಚಿಟ್ಟು ಬರೀ ಫುಟ್‌ಬಾಲ್ ಕಥೆ ಹೇಳೋದು ನಮ್ಮೋರ ಚಾಳಿ.

ಹಾಗೇ ಕೋಚಿಂಗ್ ಎಲ್ಲಿ ಕೆಲಸಕ್ಕೆ ಬರಲ್ಲ ಅಂತಾನೂ ಕೇಳ್ಕೊಳ್ಳಿ. ಕೈಯಲ್ಲಿ ಮುಂದಿನ ತಿಂಗಳ ಸಂಬಳಕ್ಕೆ ದುಡ್ಡಿಲ್ಲ ಅಂದ್ರೆ ಅದು ಕೋಚ್ ಹತ್ರ ಹೋಗೋ ಟೈಮಲ್ಲ. ಮಾಲೇ ಚೆನ್ನಾಗಿಲ್ಲ ಅಂದ್ರೂ ಅಷ್ಟೇ. ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಅಂತ ಗುರಿಗಳ ಬಗ್ಗೆ ದಶಕಗಟ್ಟಲೆ ಸಂಶೋಧನೆ ಮಾಡಿದ ಇಬ್ರಿದಾರೆ, ಕಷ್ಟದ, ಸ್ಪಷ್ಟವಾದ ಗುರಿ ಇದ್ರೆ "ಆದಷ್ಟು ಮಾಡು" ಅನ್ನೋದಕ್ಕಿಂತ ಜನ ಜಾಸ್ತಿ ಮಾಡ್ತಾರೆ ಅಂತ ತೋರಿಸಿದೋರು. ಆದ್ರೆ ಕೆಲ್ಸಾನೇ ಹೊಸದು, ಇನ್ನೂ ಕೈ ಕೂತಿಲ್ಲ ಅಂದ್ರೆ ನಂಬರ್ ಹಿಂದೆ ಓಡೋ ಬದ್ಲು "ಇದನ್ನ ಮಾಡೋ ಮೂರು ದಾರಿ ಕಲೀತೀನಿ" ಅನ್ನೋ ಗುರಿನೇ ಮೇಲು.

ಸುಟ್ಟ ಬೆರಳು:

ಸರ್, ಸರಿ ಒಪ್ಕೋತೀನಿ. ಆದ್ರೆ "ಏನಾಯ್ತು" ಅಂತ ಕೇಳೋಕೆ ಒಬ್ಬ ಫ್ರೆಂಡ್ ಸಾಕಲ್ವಾ, ಅದಕ್ಕೆ ಫೀಸು ಯಾಕೆ? ಮತ್ತೆ ಸರಿಯಾದ ಕೋಚ್ ಯಾರು, ಹಾಲ್‌ನಲ್ಲಿ ಕೂಗ್ಸೋರು ಯಾರು ಅಂತ ಹೊರಗಿನೋನಿಗೆ ಹೆಂಗೆ ಗೊತ್ತಾಗ್ಬೇಕು?

ಎರಡು ಕುರ್ಚಿ:

ಫ್ರೆಂಡ್ ಸಾಕು, ಫ್ರೆಂಡ್ ಬಿಡದೇ ಕೇಳೋ ಆಸಾಮಿ ಆಗಿದ್ರೆ. ಸಾಮಾನ್ಯವಾಗಿ ಎರಡನೇ ಸಲಕ್ಕೇ "ಹೋಗ್ಲಿ ಬಿಡೋ, ಬಿಜಿ ಇದ್ದೆ ಅಲ್ವಾ" ಅಂತಾರೆ. ಅದೂ ಅಲ್ದೆ ನಿಮ್ಮ ಬಗ್ಗೆ ಅವ್ರಿಗೆ ಮೊದ್ಲೇ ಒಂದು ಅಭಿಪ್ರಾಯ ಇರುತ್ತೆ. ಆದ್ರೂ ಮೊದ್ಲು ಫ್ರೆಂಡ್ ಜೊತೆ ಒಂದು ತಿಂಗಳು ಮಾಡಿ ನೋಡಿ ಅಂತಾನೇ ನಾನು ಹೇಳೋದು.

ಗುರುತಿಸೋದು ಕಷ್ಟ ನಿಜ, ಯಾಕಂದ್ರೆ ಡಾಕ್ಟ್ರಿಗೆ, ವಕೀಲ್ರಿಗೆ ಇರೋ ಥರ ಲೈಸೆನ್ಸ್ ಇದಕ್ಕಿಲ್ಲ, ಇವತ್ತು ಕಾರ್ಡ್ ಪ್ರಿಂಟ್ ಮಾಡ್ಸಿದೋನು ನಾಳೆ ಕೋಚ್. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಅಂತ ಇದೆ, ಅವ್ರ ಮೊದಲ ಹಂತದ ಎಸಿಸಿ ಸರ್ಟಿಫಿಕೇಟಿಗೆ ಕಡೇಪಕ್ಷ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಮಾಡಿರ್ಬೇಕು, ಅದಕ್ಕಿಂತ ಮೇಲಿನ ಪಿಸಿಸಿಗೆ 125 ಮತ್ತೆ 500. ಸರ್ಟಿಫಿಕೇಟ್ ಇದ್ದೋರೆಲ್ಲಾ ಒಳ್ಳೇ ಕೋಚ್ ಅಂತಲ್ಲ, ಕಡೇಪಕ್ಷ ಗಂಟೆಗಳಾದ್ರೂ ಕೂತಿರ್ತಾರೆ. ನಾನಾದ್ರೆ ಮೊದಲ ಮಾತುಕತೆಯಲ್ಲಿ ಯಾರು ಎಷ್ಟು ಮಾತಾಡಿದ್ರು ಅಂತ ನೋಡ್ತೀನಿ. ಕೋಚೇ ಮುಕ್ಕಾಲು ಪಾಲು ಮಾತಾಡಿದ್ರೆ ಬೇಡ. ಇಷ್ಟು ತಿಂಗಳಲ್ಲಿ ಇಷ್ಟು ಲಾಭ ಗ್ಯಾರಂಟಿ ಅಂದ್ರೂ ಬೇಡ.

ಅರ್ಧದಾರಿ:

ಎಲ್ರಿಗೂ ಥ್ಯಾಂಕ್ಸ್. ಲೆಕ್ಕದವ್ಳು ಮೇಡಂ ಹೇಳಿದ ಅರ್ಧರ್ಧ ಗಂಟೆ ಲೆಕ್ಕ ಮೂರು ದಿನ ಮಾಡ್ದೆ, ಮೊಬೈಲಲ್ಲೇ ಟೈಪ್ ಮಾಡ್ಕೊಂಡು. 36 ಗಂಟೆ ಕೆಲ್ಸ. ಅದ್ರಲ್ಲಿ 11 ಗಂಟೆ ಕಸ್ಟಮರ್ ಜೊತೆ ಫೋನಲ್ಲಿ "ಬಣ್ಣ ಸ್ವಲ್ಪ ಡಾರ್ಕ್ ಮಾಡಿ", "ಆ ಅಕ್ಷರ ದೊಡ್ಡದು ಮಾಡಿ" ಅನ್ನೋದನ್ನ ಕೇಳಿಸ್ಕೊಂಡು ಡಿಸೈನರ್‌ಗೆ ಹೇಳೋದು, ಅವ್ರು ಮಾಡಿದ್ದನ್ನ ಮತ್ತೆ ಕಸ್ಟಮರ್‌ಗೆ ಕಳ್ಸೋದು. ಪೋಸ್ಟ್‌ಮ್ಯಾನ್ ಕೆಲ್ಸ. ಹೊಸ ಕಸ್ಟಮರ್ ಹುಡುಕೋಕೆ ಕೊಟ್ಟಿದ್ದು ಸೊನ್ನೆ, ಅರ್ಧ ಗಂಟೆನೂ ಇಲ್ಲ. ಮೂರು ವರ್ಷದಿಂದ ಡಬಲ್ ಡಬಲ್ ಅಂತ ಬರ್ಕೊಂಡಿದೀನಲ್ಲ ಮಾರಾಯ್ರೇ.

ಕೋಚ್ ವಿಷಯ ಒಂದು ತಿಂಗಳು ಬಿಟ್ಟು ನೋಡ್ತೀನಿ. ಡೈರೀಲಿ ಹಳೇ ಸಾಲು ಹೊಡೆದುಹಾಕಿ ಹಿಂಗೆ ಬರ್ದಿದೀನಿ: "ಸೋಮವಾರದಿಂದ ತಿದ್ದುಪಡಿ ಕಾಲ್ ಎಲ್ಲಾ ನೇರ ಡಿಸೈನರ್‌ಗೆ. ದಿನಾ ಬೆಳಿಗ್ಗೆ 10ರಿಂದ 11 ಹೊಸ ಕಸ್ಟಮರ್‌ಗೆ ಫೋನು, ಮಾಡೋನು ನಾನೇ. ಅಷ್ಟೊತ್ತಲ್ಲಿ ಯಾರಾದ್ರೂ ಕರೆದ್ರೆ 11ಕ್ಕೆ ಬರ್ತೀನಿ ಅನ್ನೋದು."

ಸುಟ್ಟ ಬೆರಳು:

ಭಾನುವಾರ ಸಂಜೆ ಇಲ್ಲೇ ಬಂದು ಎಷ್ಟು ಫೋನ್ ಮಾಡಿದ್ರಿ ಅಂತ ಕೇಳ್ತೀನಿ ನೋಡಿ, ಫೀಸ್ ಬೇಡ 😀

ಅರ್ಧದಾರಿ:

ಭಾನುವಾರ ಬೇಡ, ಶನಿವಾರ ಮಧ್ಯಾಹ್ನಾನೇ ಕೇಳಿ. ಭಾನುವಾರದವರ್ಗೂ ಬಿಟ್ರೆ ನೆಪ ಹುಡ್ಕೋಕೆ ಟೈಮ್ ಸಿಗುತ್ತೆ ನಂಗೆ.