ಹೋಕಸ್ ಪೋಕಸ್ 2 ಮಕ್ಕಳಿಗೆ ತೋರಿಸಬೇಕು: ಮೊದಲ ಭಾಗ ಬೇಕಾ? ಕಪ್ಪು ಜ್ವಾಲೆ ಮಾಡಬಹುದಾ?

ಸಾಗರಸೀಮೆ:
ದೀಪಾವಳಿ ರಜೆಗೆ ಸಾಗರದ ಹತ್ತಿರದ ಹಳ್ಳಿಮನೆಗೆ 6ರಿಂದ 13 ವರ್ಷದ ಒಂಬತ್ತು ಮಕ್ಕಳು ಬರ್ತಾರೆ. ಜಗಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್‌ನಲ್ಲಿ ಹೋಕಸ್ ಪೋಕಸ್ 2 ಸಿನಿಮಾ ಹಾಕೋ ಯೋಚನೆ. 1993ರ ಮೊದಲ ಸಿನಿಮಾ ನೋಡದಿದ್ದರೆ ಇದು ಅರ್ಥ ಆಗುತ್ತಾ? ಚಿಕ್ಕವು ಹೆದರ್ತಾವಾ? ಮಾಟಗಾತಿಯರನ್ನು ಎಬ್ಬಿಸೋ ಆ ಕಪ್ಪು ಜ್ವಾಲೆಯನ್ನ ನಿಜಕ್ಕೂ ಮಾಡಿ ತೋರಿಸೋಕೆ ಆಗುತ್ತಾ?

ಅಡಿಕೆಸೋಗೆ:
ಕಥೆ ಅರ್ಥ ಆಗುತ್ತೆ, ಆದರೆ ನಗು ಅರ್ಧಕ್ಕರ್ಧ ಹೋಗುತ್ತೆ. ಎರಡನೆಯದರಲ್ಲಿ ಮಾಟಗಾತಿ ಅಕ್ಕತಂಗಿಯರು ಮೂವರೂ ಅಂಗಡಿಗೆ ನುಗ್ಗಿ ಮುಖಕ್ಕೆ ಹಚ್ಚೋ ಕ್ರೀಮು ತಿಂತಾರೆ. ಮಕ್ಕಳ ಜೀವಶಕ್ತಿ ಹೀರಿ ಹರೆಯ ಉಳಿಸಿಕೊಳ್ಳೋರು ಇವರು ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಅದು ನಗು. ಹಾಗೇ ಅವರಲ್ಲೊಬ್ಬಳಾದ ಮೇರಿ ಮೊದಲನೆಯದರಲ್ಲಿ ವ್ಯಾಕ್ಯೂಮ್ ಕ್ಲೀನರ್ ಹತ್ತಿ ಹಾರ್ತಾಳೆ, ಇಲ್ಲಿ ನೆಲ ಗುಡಿಸೋ ಎರಡು ರೋಬೋಟ್‌ಗಳ ಮೇಲೆ ಒಂದೊಂದು ಕಾಲಿಟ್ಟು. ಹಿಡಿಸೂಡಿ ಮಾತ್ರ ಕಂಡ ಮಕ್ಕಳಿಗೆ ಆ ರೋಬೋಟ್ ಏನು ಅಂತ ಮೊದಲು ಒಂದು ನಿಮಿಷದ ವಿಡಿಯೋ ತೋರಿಸಿಬಿಡಿ. ಮುಂದೆ ಉಪ್ಪಿನ ವೃತ್ತದೊಳಗೆ ಸಿಕ್ಕಿಬಿದ್ದ ಮಾಟಗಾತಿಯರನ್ನು ಬಿಡಿಸೋದೂ ಆ ರೋಬೋಟ್‌ಗಳೇ, ಉಪ್ಪು ಗುಡಿಸಿ. ಉಪ್ಪಿಗೆ ಅಂಥ ಶಕ್ತಿ ಯಾಕೆ ಅಂತ ವಿವರಿಸಬೇಕಿಲ್ಲ, ಉಪ್ಪು-ಮೆಣಸು ನಿವಾಳಿಸೋದನ್ನ ನಮ್ಮ ಮಕ್ಕಳು ನೋಡೇ ಇರ್ತಾರೆ.

ಹೆದರಿಕೆ ಇರೋದು ಮೊದಲ ಸಿನಿಮಾದ ಆರಂಭದಲ್ಲಿ: ಪುಟ್ಟ ಹುಡುಗಿ ಸಾಯ್ತಾಳೆ, ಮೂವರನ್ನೂ ಗಲ್ಲಿಗೇರಿಸ್ತಾರೆ. ಆರು ವರ್ಷದವಕ್ಕೆ ಅದು ಬೇಡ. ಆ ಭಾಗ ಬಾಯಲ್ಲಿ ಹೇಳಿ, ಎರಡನೆಯದನ್ನ ಪೂರ್ತಿ ಹಾಕಿ. 2022ರಲ್ಲಿ ಬಂದ ಈ ಎರಡನೆಯದು 1653ರಲ್ಲಿ ಶುರುವಾಗುತ್ತೆ, ಅಲ್ಲಿ ಮೂವರಲ್ಲಿ ದೊಡ್ಡವಳಾದ ವಿನಿಫ್ರೆಡ್ಡಿಗೆ ಆಗಷ್ಟೇ ಹದಿನಾರು. ಮಾತು ಹಳೇ ಇಂಗ್ಲಿಷು, ಯಾರಾದರೂ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಹೋಗಬೇಕು. ಕಪ್ಪು ಜ್ವಾಲೆಯ ಮೇಣದಬತ್ತಿ ಯಾರು ಹಚ್ಚಬೇಕು ಅನ್ನೋ ಪ್ರಶ್ನೆ ಬಂದರೆ "ಮದುವೆ ಆಗದವರು" ಅಂದರೆ ಸಾಕು. ಕೊನೆಗೆ ಬರೋದು ಹೆದರಿಕೆ ಅಲ್ಲ, ಅಳು. ಎಲ್ಲ ಶಕ್ತಿಯೂ ಬೇಕು ಅಂತ ಮಂತ್ರ ಹಾಕಿದ ವಿನಿಫ್ರೆಡ್ ಅದಕ್ಕೆ ಬೆಲೆಯಾಗಿ ತಂಗಿಯರನ್ನೇ ಕಳ್ಕೋತಾಳೆ. ಈ ಸಿನಿಮಾದ ಜೀವ ಅದೇ, ಅಲ್ಲಿ ಮಾತ್ರ ಯಾರೂ ಎದ್ದು ಓಡಾಡದ ಹಾಗೆ ನೋಡ್ಕೊಳ್ಳಿ.

ತುಂಗಾತೀರ:
ಕಪ್ಪು ಜ್ವಾಲೆ ಖಂಡಿತ ಆಗುತ್ತೆ, ಆದರೆ ಮೇಣದಬತ್ತಿಯಲ್ಲಿ ಅಲ್ಲ. ಮೇಣದ ಜ್ವಾಲೆಯೊಳಗಿನ ಮಸಿಯೇ ಕಾದು ಹೊಳೆಯುತ್ತೆ, ಆ ಬೆಳಕು ಕಪ್ಪನ್ನ ಮುಚ್ಚಿಬಿಡುತ್ತೆ. ಸ್ಪಿರಿಟ್ ಲ್ಯಾಂಪ್ ಬೇಕು, ಜೊತೆಗೆ ಸೋಡಿಯಂ ದೀಪ. ಡಿಗ್ರಿ ಕಾಲೇಜಿನ ಫಿಸಿಕ್ಸ್ ಲ್ಯಾಬಲ್ಲಿ ನ್ಯೂಟನ್ಸ್ ರಿಂಗ್ಸ್ ಪ್ರಯೋಗಕ್ಕೆ ಇಟ್ಟಿರ್ತಾರಲ್ಲ, ಅದೇ.

100 ಎಂಎಲ್ ಬಿಸಿ ನೀರಿಗೆ 35 ಗ್ರಾಂ ಉಪ್ಪು ಕರಗಿಸಿ ಹತ್ತಿ ಬತ್ತಿಯನ್ನ ರಾತ್ರಿಯಿಡೀ ನೆನೆಹಾಕಿ. ಉಪ್ಪು ಸ್ಪಿರಿಟ್ಟಲ್ಲಿ ಸರಿಯಾಗಿ ಕರಗಲ್ಲ, ಅದಕ್ಕೇ ಬತ್ತಿಗೆ ಹಿಡಿಸಬೇಕು. ಆಮೇಲೆ ಗರಿಗರಿ ಆಗೋವರೆಗೆ ಒಣಗಿಸಿ. ಮಲೆನಾಡಲ್ಲಿ ಎಡವೋದು ಇಲ್ಲೇ: ಉಪ್ಪು ಗಾಳಿಯ ತೇವ ಎಳ್ಕೊಂಡು ಬತ್ತಿ ಮತ್ತೆ ಒದ್ದೆ ಆಗುತ್ತೆ, ಹಚ್ಚಿದರೆ ಚಟಪಟ ಸಿಡಿದು ಆರುತ್ತೆ. ಒಲೆ ದಂಡೆ ಮೇಲೆ ಒಣಗಿಸಿ ನೇರ ಗಾಳಿಯಾಡದ ಡಬ್ಬಿಗೆ ಹಾಕಿಡಿ.

ಸೋಡಿಯಂ ದೀಪ ಹಾಕಿದ ತಕ್ಷಣ ಕೆಂಪಗಿರುತ್ತೆ, ಹತ್ತು ನಿಮಿಷಕ್ಕೆ ಪೂರ್ತಿ ಹಳದಿ. ನಡುವೆ ಕರೆಂಟ್ ಹೋದರೆ ಮತ್ತೆ ಕಾಯಬೇಕು. ಎದುರಿಗೆ ಬಟರ್ ಪೇಪರ್ ಹಿಡಿದು ಬೆಳಕನ್ನ ಹರಡಿಸಿ, ಅದರ ಮುಂದೆ ಸ್ಪಿರಿಟ್ ಲ್ಯಾಂಪ್ ಇಟ್ಟು, ಬೇರೆಲ್ಲ ದೀಪ ಆರಿಸಿ. ಜ್ವಾಲೆ ಕಪ್ಪು ರೇಷ್ಮೆ ಚೂರಿನ ಹಾಗೆ ಓಲಾಡುತ್ತೆ, ಅಂಚು ಮಾತ್ರ ಸಣ್ಣಗೆ ಹೊಳೆಯುತ್ತೆ. ಆ ದೀಪ ಕೊಡೋದು 589 ನ್ಯಾನೋಮೀಟರಿನ ಹಳದಿ ಒಂದನ್ನೇ, ಜ್ವಾಲೆಯಲ್ಲಿರೋ ಉಪ್ಪಿನ ಸೋಡಿಯಂ ಹೀರೋದೂ ಅದನ್ನೇ. ಹಳೇ ಬೀದಿದೀಪದ ಸೋಡಿಯಂ ಬಲ್ಬ್ ಆಗಲ್ಲ, ಅದರಲ್ಲಿ ಬೇರೆ ಬಣ್ಣಗಳೂ ಬೆರೆತಿರುತ್ತವೆ. ಮಕ್ಕಳು ಆರಡಿ ದೂರ ಇರಲಿ. ಬಿಸಿ ಇದ್ದಾಗ ಸ್ಪಿರಿಟ್ ಸುರಿಯಲೇಬೇಡಿ.

ಸಾಗರಸೀಮೆ:
ತುಂಬಾ ಉಪಕಾರ ಆಯ್ತು. ಸಿನಿಮಾದಲ್ಲಿ ಬರೋ ಅಕ್ಟೋಬರ್ 31ರ ಹಬ್ಬ ಹ್ಯಾಲೊವೀನ್ ಅಂದರೆ ಏನು ಅಂತ ಕೇಳ್ತಾರಲ್ಲ, ಅದಕ್ಕೆ ನಮ್ಮಲ್ಲಿ ದೀಪಾವಳಿಗೆ ದೀಪ ಹಿಡಿದು ಹಾಡ್ತಾ ಮನೆಮನೆಗೆ ಹೋಗೋ ಅಂಟಿಗೆ-ಪಂಟಿಗೆಯ ಹೋಲಿಕೆ ಕೊಡಬಹುದಾ?

ಅಡಿಕೆಸೋಗೆ:
ರಾತ್ರಿ ಮನೆಮನೆಗೆ ಹೋಗೋದರ ಮಟ್ಟಿಗೆ ಕೊಡಿ. ಆದರೆ ದೀಪದ ವಿಷಯ ಬೇರೆ ಮಾಡಿ ಹೇಳಿ ಮಾರಾಯ್ರೆ. ಅಂಟಿಗೆ-ಪಂಟಿಗೆಯವರ ದೀಪ ಆರಬಾರದು, ಅದಕ್ಕೇ ಮನೆಯವರು ಎಣ್ಣೆ ಎರೀತಾರೆ. ಸಿನಿಮಾದ್ದು ಹಚ್ಚಲೇಬಾರದ ದೀಪ.

ತುಂಗಾತೀರ:
ದೊಡ್ಡ ಮಕ್ಕಳ ಕೈಗೆ ಪಂಚಾಂಗ ಕೊಡಿ. ಮೊದಲ ಸಿನಿಮಾದ ಶಾಪದ ಪ್ರಕಾರ ಮಾಟಗಾತಿಯರು ಮತ್ತೆ ಏಳೋಕೆ ಹ್ಯಾಲೊವೀನ್ ದಿನವೇ ಹುಣ್ಣಿಮೆ ಆಗಿರಬೇಕು. ಎರಡನೇ ಸಿನಿಮಾ ಬಂದ 2022ರ ಅಕ್ಟೋಬರ್ 31 ಕಾರ್ತಿಕ ಶುದ್ಧ ಸಪ್ತಮಿ. ನಿಜವಾಗಿ ಕೂಡಿ ಬಂದಿದ್ದು 2020ರಲ್ಲಿ, ಇನ್ನು ಬರೋದು 2039ಕ್ಕೆ.

ಮತ್ತೆ, ಹೆಸರುಗಳು ಓಡಿ ಮುಗಿಯೋವರೆಗೆ ಪ್ರೊಜೆಕ್ಟರ್ ಆರಿಸಬೇಡಿ. ಮಾಟದ ಸಾಮಾನಿನ ಅಂಗಡಿಯಲ್ಲಿ ಎರಡನೇ ಮೇಣದಬತ್ತಿಯ ಪೆಟ್ಟಿಗೆ ಕಾಣೋದು ಅದಾದ ಮೇಲೇ.