ಹತ್ತು ನಿಮಿಷ ಓಡಿ ನಿಲ್ಲುವ ಹಳೆ ಔಟ್‌ಬೋರ್ಡ್

ಪ್ರಶ್ನೆ (ಕೊಲ್ಹಾರದಿಂದ):
ನಮಸ್ಕಾರ ರೀ. ನಮ್ಮ ದೋಣಿಗೆ 8 ಎಚ್‌ಪಿ ಹಳೆ ಟು-ಸ್ಟ್ರೋಕ್ ಔಟ್‌ಬೋರ್ಡ್ (ಹಿಂಬದಿಗೆ ಹೊರಗಿನಿಂದ ಕಟ್ಟುವ) ಎಂಜಿನ್ ಇದೆ. ಎರಡೇ ಎಳೆತಕ್ಕೆ ಶುರುವಾಗುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಹತ್ತು ನಿಮಿಷ ಹೋಗುವಷ್ಟರಲ್ಲಿ ದಮ್ಮು ಹತ್ತಿದವರ ಹಾಗೆ ಕುಗ್ಗಿ ಬಂದ್ ಆಗುತ್ತದೆ. ಕಾಲು ಗಂಟೆ ಬಿಟ್ಟರೆ ಮತ್ತೆ ಶುರು. ಪ್ಲಗ್ ಹೊಸದು, ಕಾರ್ಬ್ಯುರೇಟರ್ ಎರಡು ಸಲ ತೊಳೆಸಿದೆ. ನಿನ್ನೆ ಹುಟ್ಟು ಹಾಕಿಕೊಂಡೇ ದಡ ಸೇರಿದೆ, ರಟ್ಟೆ ಇನ್ನೂ ನೋಯುತ್ತಿದೆ. ಮೆಕ್ಯಾನಿಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಹೋಗಿದೆ ಅಂತಾನೆ.

ಉತ್ತರ (ಬಾಗಲಕೋಟೆಯಿಂದ):
ತಡೀರಿ ಅಣ್ಣಾ, ಕಾಯಿಲ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಕಾಯಿಲ್ ಬಿಸಿಯಾಗಿ ಕೈಕೊಟ್ಟರೆ ಎಂಜಿನ್ ಹೆಚ್ಚಾಗಿ ಟಕ್ ಅಂತ ನಿಲ್ಲುತ್ತದೆ. ಕುಗ್ಗಿ ಕುಗ್ಗಿ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ ಅಂತಲೇ ನನ್ನ ಅನುಮಾನ. ನಿಲ್ಲುವ ಹೊತ್ತಿಗೆ ಎಂಜಿನ್ ತಂಪು ಮಾಡಿ ಹೊರಗೆ ಚಿಮ್ಮುವ ನೀರು ಹೇಗಿರುತ್ತದೆ? ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಮುಟ್ಟಿ ನೋಡಿದಿರಾ?

ಪ್ರಶ್ನೆ ಕೇಳಿದವರು:
ನೀರು ಜೋರಾಗಿಯೇ ಬರುತ್ತದೆ, ಉಗುರುಬೆಚ್ಚಗೆ. ಬಲ್ಬ್ ಇವತ್ತು ನೋಡಿದೆ. ಚೀಪಿ ಬಿಟ್ಟ ಮಾವಿನಹಣ್ಣಿನ ಹಾಗೆ ಒಳಗೆ ಸೇದಿಕೊಂಡಿತ್ತು!

ಉತ್ತರ:
ಸಿಕ್ಕಿತಲ್ಲ! ಬಲ್ಬ್ ಚಪ್ಪಟೆ ಅಂದರೆ ಅಡ್ಡಿ ಇರುವುದು ಟ್ಯಾಂಕಿನ ಕಡೆ. ಕಾರ್ಬ್ಯುರೇಟರ್ ಸುಮ್ನೆ ಬಿಚ್ಚಿಸಿದಿರಿ ಪಾಪ. ಟ್ಯಾಂಕಿನಲ್ಲಿ ಖರ್ಚಾದ ಪೆಟ್ರೋಲಿನ ಜಾಗಕ್ಕೆ ಗಾಳಿ ಬರಬೇಕು. ಅದು ಬರದಿದ್ದರೆ ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬರಲ್ಲ. ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತೆರೆದಿದೆಯಾ? ಮುಚ್ಚಳ ಸ್ವಲ್ಪ ಸಡಿಲ ಮಾಡಿ, ದಡದ ಹತ್ತಿರವೇ ಓಡಿಸಿ ನೋಡಿ. ಆಗಲೂ ನಿಂತರೆ ಟ್ಯಾಂಕಿನೊಳಗಿನ ಜಾಲರಿ ಕಟ್ಟಿರಬಹುದು. ಬೀಡಿ ಮಾತ್ರ ದೂರ ಇಡಿ.

ಪ್ರಶ್ನೆ ಕೇಳಿದವರು:
ಸ್ಕ್ರೂ ತೆರೆದೇ ಇತ್ತು ರೀ. ಆದರೂ ಮುಚ್ಚಳ ತಿರುಗಿಸಿದ ಕೂಡಲೇ ಸುಸ್ ಅಂತ ಗಾಳಿ ಎಳೆದುಕೊಂಡಿತು. ನೋಡಿದರೆ ಸ್ಕ್ರೂ ಕೆಳಗಿನ ತೂತಿನಲ್ಲಿ ಯಾವುದೋ ಹುಳ ಜೋಳದ ಕಾಳಿನಷ್ಟು ಮಣ್ಣಿನ ಗೂಡು ಕಟ್ಟಿದೆ! ಸಣ್ಣ ತಂತಿ ಹಾಕಿ ಕೆದರಿದೆ. ಮುಕ್ಕಾಲು ಗಂಟೆ ಓಡಿಸಿದೆ, ಒಮ್ಮೆಯೂ ಕೆಮ್ಮಲಿಲ್ಲ.

ಉತ್ತರ:
ಬೇಸಿಗೆಯಲ್ಲಿ ಶೆಡ್‌ನಲ್ಲಿ ಬಿದ್ದಿತ್ತು ಅಲ್ವಾ? ಗೂಡಿನ ಪುಡಿ ಒಳಗೆ ಬಿದ್ದಿರುತ್ತದೆ, ಟ್ಯಾಂಕ್ ಒಮ್ಮೆ ತೊಳೆದುಬಿಡಿ. ಹಾಗೇ ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಮಜ್ಜಿಗೆ ಥರ ಬೆಳ್ಳಗಿದ್ದರೆ ನೀರು ಹೊಕ್ಕಿದೆ, ಸೀಲ್ ಬದಲಿಸಬೇಕು. ಮಳೆಗಾಲದ ರಾಡಿ ನೀರಿನಲ್ಲಿ ಓಡಿಸಿದ್ದರೆ ನೀರಿನ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್ ಕೂಡ ಬೇಗ ಸವೆಯುತ್ತದೆ. ಅದು ರಬ್ಬರಿನದು. ನೀರಿಲ್ಲದೆ ಎಂಜಿನ್ ಓಡಿಸಿದರಂತೂ ಕ್ಷಣದಲ್ಲಿ ಸುಟ್ಟೇ ಹೋಗುತ್ತದೆ. ಮನೆಯಲ್ಲಿ ಶುರು ಮಾಡುವುದಿದ್ದರೆ ಡ್ರಮ್ಮಿಗೆ ನೀರು ತುಂಬಿ, ಅದರಲ್ಲಿ ಇಳಿಸಿಯೇ ಮಾಡಿ.