ಪದಚರ್ಚೆ: ‘ಪರ್ಸೆಂಟೈಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಫಲಿತಾಂಶದಲ್ಲಿ ‘ಪರ್ಸೆಂಟೈಲ್’ ಅಂತ ಬರುತ್ತದಲ್ಲ, ಅದಕ್ಕೆ ನೀವು ಕನ್ನಡದಲ್ಲಿ ಏನು ಹೇಳುತ್ತೀರಿ? ನಿಘಂಟಿನ ಪದವಿದ್ದರೆ ಅದೂ ಬೇಕು. ಆದರೆ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿಗೆ ಹೇಗೆ ತಿಳಿಸಿ ಹೇಳುತ್ತೀರಿ ಅನ್ನುವುದೇ ನನಗೆ ಹೆಚ್ಚು ಮುಖ್ಯ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಇರುವುದು ಡೊಂಬಿವಲಿಯಲ್ಲಿ. ಹಿಂದೆ ಮುಂಬೈಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಬಹಳ ವರ್ಷ ಗಣಿತ ಹೇಳಿಕೊಟ್ಟೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ನಿದ್ದೆಗಣ್ಣಿನಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದ ಹುಡುಗರು ಅವರು. ಅವರಲ್ಲಿ ಕುಂದಾಪುರದ ಕಡೆಯ ಒಬ್ಬ ಈಗ ನಮ್ಮ ಪಕ್ಕದ ಬಿಲ್ಡಿಂಗಿನಲ್ಲೇ ಇದ್ದಾನೆ. ಕ್ಯಾಂಟೀನ್ ನಡೆಸುತ್ತಾನೆ. 2024ರ ಫೆಬ್ರವರಿಯಲ್ಲಿ ಅವನ ಮಗಳ ಜೆಇಇ ಮೇನ್ (ದೇಶಮಟ್ಟದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ) ಫಲಿತಾಂಶ ಬಂತು. ಜನವರಿಯಲ್ಲಿ ಬರೆದ ಪರೀಕ್ಷೆ. 88 ಪರ್ಸೆಂಟೈಲ್. ಪೇಡೆ ಡಬ್ಬಿ ಹಿಡಿದುಕೊಂಡು ಬಂದೇಬಿಟ್ಟ.

“ಮಾಷ್ಟ್ರೇ, ನೂರಕ್ಕೆ ಎಂಬತ್ತೆಂಟ್ ಬಂತ್ ಕಾಣಿ. ಪವಾಯಿಯಲ್ಲಿ ಸೀಟ್ ಸಿಕ್ಕುತ್ತಾ?”

ಪವಾಯಿ ಅಂದರೆ ಐಐಟಿ. ಅವನ ಹಿಂದೆ ಮಗಳು ತಲೆ ತಗ್ಗಿಸಿ ನಿಂತಿದ್ದಳು. ಅವಳಿಗೆ ವಿಷಯ ಗೊತ್ತಿತ್ತು. “ಅಪ್ಪಾ, ಅದು ಪರ್ಸೆಂಟ್ ಅಲ್ಲ, ಪರ್ಸೆಂಟೈಲ್” ಅಂತ ಮೆಲ್ಲಗೆ ಹೇಳಿದಳು. “ಎರಡೂ ಒಂದೇ ಅಲ್ದಾ?” ಅಂತ ಅವನು ನನ್ನ ಮುಖ ನೋಡಿದ. ಊರಿಗೆ ಫೋನ್ ಮಾಡಿ ತಾಯಿಗೆ ಆಗಲೇ ‘ನೂರಕ್ಕೆ ಎಂಬತ್ತೆಂಟು’ ಎಂದು ಹೇಳಿಯೂ ಆಗಿತ್ತು. ಇಷ್ಟು ವರ್ಷ ಕನ್ನಡದಲ್ಲೇ ಗಣಿತ ಹೇಳಿಕೊಟ್ಟ ನನಗೆ ಆ ಹೊತ್ತಿಗೆ ಒಂದು ಪದ ಸಿಗಲಿಲ್ಲ. ಆ ಕಸಿವಿಸಿ ಇನ್ನೂ ಹೋಗಿಲ್ಲ.

ಉತ್ತರ ಕೀ ಇಟ್ಟುಕೊಂಡು ಲೆಕ್ಕ ಹಾಕಿದೆವು. ಒಂದು ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಟ್. ಒಟ್ಟು 300ಕ್ಕೆ ಅವಳ ಅಂಕ ನೂರನ್ನೂ ದಾಟಿರಲಿಲ್ಲ. ಅಂದರೆ ಶೇಕಡಾ ಲೆಕ್ಕದಲ್ಲಿ ಮೂವತ್ತರ ಆಸುಪಾಸು. ಅವನು ಬೆಚ್ಚಿಬಿದ್ದ. “ಹಾಗಾದ್ರೆ ಈ ಎಂಬತ್ತೆಂಟ್ ಎಲ್ಲಿಂದ ಬಂತ್?”

ಅದು ಎಲ್ಲಿಂದ ಬಂತು ಎಂದರೆ ಹೀಗೆ. ಜೆಇಇ ಮೇನ್ ಒಂದೇ ದಿನ ನಡೆಯುವುದಿಲ್ಲ. ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ಇದನ್ನು ನಡೆಸತೊಡಗಿದ್ದು 2019ರಲ್ಲಿ. ಆಗಿನಿಂದ ಪರೀಕ್ಷೆ ಹಲವು ದಿನ, ಹಲವು ಪಾಳಿಗಳಲ್ಲಿ ನಡೆಯುತ್ತದೆ. ಪ್ರತಿ ಪಾಳಿಗೂ ಬೇರೆ ಪ್ರಶ್ನೆಪತ್ರಿಕೆ. ಒಂದು ಸುಲಭ, ಇನ್ನೊಂದು ಕಷ್ಟ ಆಗಬಹುದು. ಹಾಗಾಗಿ ಬರೀ ಅಂಕ ಹೋಲಿಸಿದರೆ ಅನ್ಯಾಯ. ಅದಕ್ಕೆ ಆಯಾ ಪಾಳಿಯಲ್ಲಿ ಬರೆದವರಲ್ಲಿ ಎಷ್ಟು ಮಂದಿಗೆ ನಿನ್ನಷ್ಟೇ ಅಥವಾ ನಿನಗಿಂತ ಕಡಿಮೆ ಅಂಕ ಬಂದಿದೆ ಎಂದು ಎಣಿಸುತ್ತಾರೆ. ಅದನ್ನು ಬರೆದವರ ಒಟ್ಟು ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. 88 ಅಂದರೆ ನೂರು ಮಂದಿಯಲ್ಲಿ 88 ಮಂದಿ ಅವಳ ಸಮಕ್ಕೆ ಅಥವಾ ಕೆಳಗೆ, 12 ಮಂದಿ ಮೇಲೆ. ನೂರರಲ್ಲಿ ಹನ್ನೆರಡು ಅಂದರೆ ಚಿಕ್ಕದಾಗಿ ಕೇಳಿಸುತ್ತದೆ. ಹತ್ತು ಲಕ್ಷ ಮಕ್ಕಳು ಬರೆದರೆ ಅದೇ ಹನ್ನೆರಡು 1,20,000 ಆಗುತ್ತದೆ.

ಇದನ್ನೆಲ್ಲ ಅವನಿಗೆ ಹೇಗೆ ಹೇಳಿದೆ ಗೊತ್ತಾ? “ದೇವಸ್ಥಾನದಲ್ಲಿ ಊಟಕ್ಕೆ ನೂರು ಜನ ಸಾಲಾಗಿ ನಿಂತಿದ್ದಾರೆ ಅಂದುಕೋ. ನಿನ್ನ ಮಗಳ ಮುಂದೆ ಹನ್ನೆರಡು ಜನ ಇದ್ದಾರೆ” ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಇದ್ ಮಾರ್ಕ್ ಅಲ್ಲ. ಸಾಲಲ್ಲಿ ನಿಂತ ಜಾಗ” ಅಂದ. ನನ್ನ ಹತ್ತು ನಿಮಿಷದ ಪಾಠ ಅವನ ಎರಡು ಮಾತಿನಲ್ಲಿ ಮುಗಿದಿತ್ತು.

ಆಮೇಲೆ ಇದನ್ನೇ ಯೋಚಿಸುತ್ತಾ ಕೂತೆ. ತೊಡಕು ಗಣಿತದ್ದಲ್ಲ, ನಮ್ಮ ಮಾತಿನದು ಅನ್ನಿಸುತ್ತದೆ. ಕನ್ನಡದಲ್ಲಿ ಪರ್ಸೆಂಟಿಗೆ ‘ಕ್ಕೆ’ ಬರುತ್ತದೆ. ನೂರಕ್ಕೆ ಎಂಬತ್ತೆಂಟು ಅಂಕ. ನೂರಕ್ಕೆ ಎರಡು ರೂಪಾಯಿ ಬಡ್ಡಿ. ಇಷ್ಟರಲ್ಲಿ ಇಷ್ಟು ಪಾಲು ಎಂಬ ಅರ್ಥ ಅದರಲ್ಲೇ ಇದೆ. ಪರ್ಸೆಂಟೈಲಿಗೆ ಬೇಕಾದದ್ದು ‘ನೇ’. ಕೆಳಗಿನಿಂದ ಎಣಿಸಿದರೆ ಎಂಬತ್ತೆಂಟನೇ ಜಾಗ, ಎಂಬತ್ತೆಂಟನೇ ಮೆಟ್ಟಿಲು. ‘ಕ್ಕೆ’ ಪಾಲು ಹೇಳುತ್ತದೆ, ‘ನೇ’ ಜಾಗ ಹೇಳುತ್ತದೆ. ನಾವು ಸುಮ್ನೆ ‘88 ಪರ್ಸೆಂಟೈಲ್’ ಎನ್ನುವಾಗ ‘ನೇ’ ಬಿಟ್ಟುಹೋಗುತ್ತದೆ. ಕೇಳುವವರ ಕಿವಿ ತಾನಾಗಿಯೇ ‘ಕ್ಕೆ’ ಸೇರಿಸಿಕೊಳ್ಳುತ್ತದೆ. ಫಲಿತಾಂಶದ ಹಾಳೆಯಲ್ಲಿ ‘ಎನ್‌ಟಿಎ ಸ್ಕೋರ್’ ಎಂದು ಬೇರೆ ಇರುತ್ತದೆ. ಸ್ಕೋರ್ ಅಂದರೆ ನಮ್ಮವರಿಗೆ ಅಂಕವೇ ಅಲ್ವಾ?

ಕನ್ನಡ ಸುದ್ದಿಗಳಲ್ಲೂ ‘ಶೇ 100 ಅಂಕ ಪಡೆದ ವಿದ್ಯಾರ್ಥಿ’ ಎಂದು ಓದಿದ್ದೇನೆ. ಇದು ತಪ್ಪು, ಸಣ್ಣ ತಪ್ಪೂ ಅಲ್ಲ. ಆ ಪಾಳಿಯಲ್ಲಿ ಎಲ್ಲರಿಗಿಂತ ಜಾಸ್ತಿ ಅಂಕ ಬಂದವರಿಗೆ 100 ಪರ್ಸೆಂಟೈಲ್. ಅವರಿಗೆ 300ಕ್ಕೆ 300 ಬಂದಿರಲೇಬೇಕು ಎಂದೇನೂ ಇಲ್ಲ.

ಇಲ್ಲಿಯ ಕನ್ನಡಿಗರಿಗೆ ಇನ್ನೊಂದು ಗೊಂದಲವೂ ಇದೆ. ಕರ್ನಾಟಕದ ಸಿಇಟಿಯಲ್ಲಿ ರ್‍ಯಾಂಕ್ ಕೊಡುತ್ತಾರೆ. ಹಾಗಾಗಿ ಊರಿನ ನೆಂಟರು ಫೋನಿನಲ್ಲಿ “ರ್‍ಯಾಂಕ್ ಎಷ್ಟು?” ಎನ್ನುತ್ತಾರೆ. ಮಹಾರಾಷ್ಟ್ರದ ಸಿಇಟಿಯಲ್ಲಿ ಜೆಇಇ ಮೇನ್‌ನಂತೆ ಪರ್ಸೆಂಟೈಲ್. ಹಾಗಾಗಿ ಪಕ್ಕದ ಮನೆಯವರು “ಪರ್ಸೆಂಟೈಲ್ ಕಿತಿ?” ಎನ್ನುತ್ತಾರೆ. ಹತ್ತನೆಯ ತರಗತಿಯ ಫಲಿತಾಂಶಕ್ಕೆ ಇಲ್ಲಿ ಎಲ್ಲರ ಬಾಯಲ್ಲೂ ‘ಟಕ್ಕೆ’, ಅಂದರೆ ಮರಾಠಿಯಲ್ಲಿ ಶೇಕಡಾ. ಮೂರೂ ಒಂದೇ ಮನೆಯೊಳಗೆ ಕಲಸಿಕೊಂಡಿವೆ.

ಈಗ ಪದಗಳಿಗೆ ಬರುತ್ತೇನೆ. ‘ಶೇಕಡಾ’, ‘ಪ್ರತಿಶತ’ ಇವುಗಳಿಂದ ಹುಟ್ಟಿಸಿದ ಯಾವ ಪದವೂ ನನಗೆ ಒಪ್ಪಿಗೆಯಿಲ್ಲ. ‘ಶೇಕಡಾಂಕ’, ‘ಪ್ರತಿಶತಕ’ ಅಂತೆಲ್ಲ ಮಾಡಿದರೆ ಮತ್ತೆ ಅದೇ ‘ನೂರಕ್ಕೆ ಇಷ್ಟು’ ತಲೆಗೆ ಬರುತ್ತದೆ. ನಾವು ಬಿಡಿಸಬೇಕಾದ ಗಂಟನ್ನೇ ಇನ್ನೂ ಬಿಗಿ ಮಾಡಿದಂತೆ.

ಇಲ್ಲಿನ ಮರಾಠಿ ಪಠ್ಯಗಳಲ್ಲಿ ಚತುರ್ಥಕ, ದಶಮಕ, ಶತಮಕ ಎಂಬ ಪದಗಳಿವೆ. ದಶಮ ಅಂದರೆ ಹತ್ತನೇ. ‘ಶತಮಕ’ದಲ್ಲೂ ಆ ‘ನೇ’ ಅಡಗಿದೆ, ಹಾಗಾಗಿ ಕಟ್ಟಿದ ರೀತಿ ಸರಿಯಾಗಿದೆ. ಪಾಠಪುಸ್ತಕಕ್ಕೆ ಇದು ಸಾಕು ಎಂದೇ ನನ್ನ ಅಭಿಪ್ರಾಯ. ಆದರೆ ನಮ್ಮ ಕ್ಯಾಂಟೀನಿನವನಿಗೆ ಹೇಳಿದರೆ ಶತಮಾನ ಎಂದು ಕೇಳಿಸಿಕೊಳ್ಳುತ್ತಾನೆ.

ಅವನ ಮಾತಿನಿಂದಲೇ ಒಂದು ಪದ ಕಟ್ಟಲು ನೋಡಿದೆ. ಮೊದಲು ‘ನೂರ್ಮಡಿ’ಯ ಹಾಗೆ ‘ನೂರ್ಸಾಲು’ ಎಂದು ಬರೆದೆ. ಓದಿದರೆ ನೂರು ಸಾಲುಗಳು ಎಂದಾಗುತ್ತದೆ. ನಮಗೆ ಬೇಕಾದದ್ದು ನೂರು ಮಂದಿಯ ಒಂದು ಸಾಲು. ಆಮೇಲೆ ‘ನೂರರ ಸಾಲು’ ಎಂದು ಬಿಡಿಸಿದೆ. “ನೂರರ ಸಾಲಿನಲ್ಲಿ 88.” ಇದು ನನಗೆ ಹಿಡಿಸಿತು. ಆದರೆ ಕನ್ನಡದಲ್ಲಿ ಸಾಲು ಅಂದರೆ ವರ್ಷವೂ ಹೌದು. “2024-25ನೇ ಸಾಲಿನ ಪ್ರವೇಶಕ್ಕೆ ನೂರರ ಸಾಲಿನಲ್ಲಿ 88” ಎಂದು ಬರೆದು ನೋಡಿ. ಓದುವವರು ಖಂಡಿತ ಎಡವುತ್ತಾರೆ. ಸಾಲದ್ದಕ್ಕೆ ಇಲ್ಲಿಯವರಿಗೆ ಮರಾಠಿಯ ಸಾಲ್, ಅಂದರೆ ವರ್ಷ, ದಿನವೂ ಕಿವಿಗೆ ಬೀಳುವ ಮಾತು.

‘ನೂರು ಮೆಟ್ಟಿಲು’ ಹೇಗೆ? “88ನೇ ಮೆಟ್ಟಿಲಲ್ಲಿದ್ದಾಳೆ” ಅಂದರೆ ಚಿತ್ರ ಕಣ್ಣಿಗೆ ಬರುತ್ತದೆ, ‘ನೇ’ ಕೂಡ ಸಲೀಸಾಗಿ ಕೂರುತ್ತದೆ. ತೊಂದರೆ ಇರುವುದು ದಶಮಾಂಶದಲ್ಲಿ. ಒಂದೇ ಸಂಖ್ಯೆಯಲ್ಲಿ ಬಹಳ ಮಂದಿ ನಿಲ್ಲಬಾರದೆಂದು ಜೆಇಇ ಮೇನ್‌ನಲ್ಲಿ 7 ದಶಮಾಂಶದವರೆಗೆ ಲೆಕ್ಕ ಕೊಡುತ್ತಾರೆ. 2024ರಲ್ಲಿ ಜೆಇಇ ಅಡ್ವಾನ್ಸ್‌ಡ್ (ಐಐಟಿ ಸೇರಲು ಮೇನ್ ಆದಮೇಲೆ ಬರೆಯುವ ಪರೀಕ್ಷೆ) ಬರೆಯಲು ಸಾಮಾನ್ಯ ವರ್ಗಕ್ಕೆ ಇದ್ದ ಕಟಾಫ್ 93.2362181. ಇದಕ್ಕೆ ‘ನೇ’ ಹಚ್ಚಿ ‘93.2362181ನೇ ಮೆಟ್ಟಿಲು’ ಅನ್ನಲು ಬರುವುದಿಲ್ಲ. ಅರ್ಧ ಮೆಟ್ಟಿಲೇ ಇಲ್ಲದಿರುವಾಗ ಇದೆಲ್ಲಿಯ ಮೆಟ್ಟಿಲು? ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ‘ನೇ’ ಇಲ್ಲದೆ ಅರ್ಥ ಕೆಡುತ್ತದೆ, ‘ನೇ’ ಇದ್ದರೆ ದಶಮಾಂಶ ಕೂರುವುದಿಲ್ಲ.

‘ಪರ್ಸೆಂಟೈಲ್ ಅಂತಲೇ ಇರಲಿ, ಮಕ್ಕಳಿಗೆ ಅದೇ ಗೊತ್ತು’ ಎನ್ನುವವರೂ ಇದ್ದಾರೆ. ಮಕ್ಕಳ ಮಟ್ಟಿಗೆ ಸರಿ. ರ್‍ಯಾಂಕ್, ಕಟಾಫ್, ಹಾಲ್ ಟಿಕೆಟ್ ಕನ್ನಡದಲ್ಲಿ ಬೆರೆತುಹೋಗಿವೆ, ಅವುಗಳ ಬಗ್ಗೆ ನನ್ನ ತಕರಾರಿಲ್ಲ. (ಹಾಲ್ ಟಿಕೆಟಿಗೆ ‘ಪ್ರವೇಶ ಪತ್ರ’ ಎಂದಾಗಲೇ ಗೊಂದಲ. ಸೀಟೇ ಸಿಕ್ಕಿತು ಎಂದುಕೊಂಡವರನ್ನು ನೋಡಿದ್ದೇನೆ.) ಆದರೆ ಪರ್ಸೆಂಟೈಲ್ ಬೇರೆ. ಅದು ಪರ್ಸೆಂಟಿನ ವೇಷದಲ್ಲಿ ಬರುತ್ತದೆ. ಗೊತ್ತಿಲ್ಲದ ಪದವಾಗಿದ್ದರೆ ಜನ ಕೇಳಿ ತಿಳಿದುಕೊಳ್ಳುತ್ತಿದ್ದರು. ಗೊತ್ತಿದೆ ಎಂದುಕೊಂಡದ್ದರಿಂದಲೇ ಅವನು ಪೇಡೆ ತಂದದ್ದು.

ಜೆಇಇ ಮೇನ್ ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲೂ ಸಿಗುತ್ತದೆ. ಆದರೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಮುಂಬೈಯಲ್ಲಿ ಕೂತು ಬರೆಯುವ ನಮ್ಮ ಮಕ್ಕಳಿಗೆ ಆ ಆಯ್ಕೆ ಇಲ್ಲ. ಪರೀಕ್ಷೆ ಕನ್ನಡದಲ್ಲಿ ಸಿಗದಿದ್ದರೂ, ಫಲಿತಾಂಶದ ಅರ್ಥವಾದರೂ ಹೆತ್ತವರಿಗೆ ಕನ್ನಡದಲ್ಲಿ ಸಿಗಬೇಕು ಎಂಬುದು ನನ್ನ ಆಸೆ.

ಮುಂದಿನ ತಿಂಗಳು ಇಲ್ಲಿಯ ಕನ್ನಡ ಪಾಲಕರಿಗೆ ಒಂದು ಸಣ್ಣ ಸಭೆ ಇದೆ. ಅಲ್ಲಿ ಹಂಚಲು ಕನ್ನಡದಲ್ಲಿ ಒಂದು ಪುಟ ಬರೆಯುವ ಕೆಲಸ ನನ್ನದು. ಸದ್ಯಕ್ಕೆ ‘ನೂರರ ಸಾಲಿನಲ್ಲಿ’ ಎಂದೇ ಬರೆದಿಟ್ಟಿದ್ದೇನೆ, ಮನಸ್ಸು ಪೂರ್ತಿ ಒಪ್ಪಿಲ್ಲ. ಪಿಯುಸಿಯಲ್ಲಿ ಕನ್ನಡದಲ್ಲೇ ಸಂಖ್ಯಾಶಾಸ್ತ್ರ ಕಲಿಸಿದವರು ಯಾರಾದರೂ ಇದ್ದರೆ ತರಗತಿಯಲ್ಲಿ ಏನು ಹೇಳುತ್ತಿದ್ದಿರಿ ಎಂದು ದಯವಿಟ್ಟು ತಿಳಿಸಿ. ಧಾರವಾಡ, ಬೀದರ್, ಮೈಸೂರು ಕಡೆಯ ಮನೆಮಾತಿನಲ್ಲಿ ಬೇರೆ ರೂಪ ಇದ್ದರೆ ಅದೂ ಬೇಕು. ಬರೀ ಪದ ಕಳಿಸಬೇಡಿ. ಈ ವಾಕ್ಯದ ಖಾಲಿ ಜಾಗದಲ್ಲಿ ಕೂರಿಸಿ, ಮನೆಯ ಹಿರಿಯರ ಮುಂದೆ ಒಮ್ಮೆ ಓದಿ, ಅವರಿಗೆ ಏನು ಅರ್ಥವಾಯಿತು ಎಂದು ಕೇಳಿಕೊಂಡು ಬರೆಯಿರಿ:

“ಅಡ್ವಾನ್ಸ್‌ಡ್ ಬರೆಯಲು 93.2362181 ______ ಬೇಕಿತ್ತು, ನಮ್ಮ ಹುಡುಗಿಗೆ 88 ______ ಬಂತು.”